ಮೇಷ್ಟ್ರು ಶಾಲೆಗೆ ಸೇರಿದ ಬೇಸಿಗೆ

ಆರನೇ ತರಗತಿಯ ಓದುಗಿಯೊಬ್ಬಳು ಈ ಅಂಕಣಕ್ಕೆ ಕಾರ್ಡು ಬರೆದಿದ್ದಾಳೆ. ಅಕ್ಷರ ದುಂಡಗಿದೆ, ಪ್ರಶ್ನೆ ಮಾತ್ರ ಚೂಪು. "ನಮ್ಮ ಸೈನ್ಸ್ ಮಿಸ್ ಮೂರು ದಿನ ಟ್ರೈನಿಂಗ್‌ಗೆ ಹೋಗಿದ್ದರು. ಅವರು ಬಿ.ಎಸ್ಸಿ., ಬಿ.ಎಡ್. ಎಲ್ಲಾ ಓದಿದ್ದಾರೆ. ಗೊತ್ತಿರುವುದನ್ನೇ ಮತ್ತೆ ಯಾಕೆ ಕಲಿಯಬೇಕು?" ಕೆಳಗಡೆ, ಜಾಗ ಸಾಲದೆ ಓರೆಯಾಗಿ ಇನ್ನೊಂದು ಸಾಲು: "ನಮ್ಮಜ್ಜಿ ಹೇಳ್ತಾರೆ, ಅವರ ಕಾಲದ ಮೇಷ್ಟ್ರಿಗೆ ಟ್ರೈನಿಂಗೇ ಇರಲಿಲ್ಲವಂತೆ. ಆದರೂ ಲೆಕ್ಕ ಚೆನ್ನಾಗಿ ಬರ್ತಿತ್ತಂತೆ."

ಅಜ್ಜಿಗೆ ಮೊದಲು ನಮಸ್ಕಾರ ತಿಳಿಸಮ್ಮ. ಟ್ರೈನಿಂಗ್ ಅವರ ಕಾಲದಲ್ಲೂ ಇತ್ತು. ಟಿ.ಸಿ.ಎಚ್. ಮಾಡಿದ ಮೇಷ್ಟ್ರು ಎಂದರೆ ಅಜ್ಜಿಗೆ ಖಂಡಿತ ನೆನಪಾಗುತ್ತದೆ. ಆದರೆ ಅಜ್ಜಿ ಹೇಳುವ ಮಾತಿನಲ್ಲಿ ಒಂದು ಗಟ್ಟಿ ಕಾಳಿದೆ. ತರಬೇತಿ ಎಂದು ಹೆಸರಿಟ್ಟು ಮಾಡಿದ್ದೆಲ್ಲ ತರಬೇತಿ ಆಗುವುದಿಲ್ಲ. "ಮಕ್ಕಳಿಗೆ ಬರೀ ಭಾಷಣ ಮಾಡಬೇಡಿ, ಅವರ ಕೈಯಲ್ಲೇ ಮಾಡಿಸಿ" ಎಂದು ಮೇಷ್ಟ್ರುಗಳನ್ನು ಕೂರಿಸಿಕೊಂಡು ಮೂರು ಗಂಟೆ ಭಾಷಣ ಮಾಡುವ ತರಬೇತಿಗಳೂ ಉಂಟು. ಅಂಥದ್ದರಿಂದ ಎದ್ದು ಬಂದವರು ಮರುದಿನ ತರಗತಿಯಲ್ಲಿ ಏನು ಮಾಡುತ್ತಾರೆ ಹೇಳಿ? ಭಾಷಣವನ್ನೇ ಮಾಡುತ್ತಾರೆ.

ಹಾಗಾದರೆ ನಿಜವಾದ ತರಬೇತಿ ಹೇಗಿರುತ್ತದೆ? ಉಪದೇಶಕ್ಕಿಂತ ಒಂದು ನಡೆದ ಕಥೆಯನ್ನೇ ಹೇಳಿಬಿಡುತ್ತೇನೆ.

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋದವರಿಗೆ ಇಟಾರ್ಸಿ ಜಂಕ್ಷನ್ ನೆನಪಿರುತ್ತದೆ. ಮಧ್ಯಪ್ರದೇಶದ ದೊಡ್ಡ ಜಂಕ್ಷನ್ ಅದು. ಅಲ್ಲಿಂದ ಭೋಪಾಲದ ಕಡೆಗೆ ಸ್ವಲ್ಪ ದೂರ ಹೋದರೆ ಹೋಶಂಗಾಬಾದ್, ಅದು ದಾಟುತ್ತಿದ್ದಂತೆ ನರ್ಮದಾ ನದಿ. ಈಗ ಆ ಊರಿಗೂ ಜಿಲ್ಲೆಗೂ ನರ್ಮದಾಪುರಂ ಎಂದು ಹೆಸರು. ನಮ್ಮ ಕಥೆ ನಡೆದಾಗ ಹೋಶಂಗಾಬಾದ್ ಎಂದೇ ಇತ್ತು, ನಾವೂ ಹಾಗೆಯೇ ಕರೆಯೋಣ.

1972ರಲ್ಲಿ ಆ ಜಿಲ್ಲೆಯ ಬರೀ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಒಂದು ಹೊಸ ಕೆಲಸ ಶುರುವಾಯಿತು. ಆರು, ಏಳು, ಎಂಟನೇ ತರಗತಿಯ ಮಕ್ಕಳು ವಿಜ್ಞಾನವನ್ನು ಬಾಯಿಪಾಠ ಮಾಡುವುದರ ಬದಲು ತಾವೇ ಪ್ರಯೋಗ ಮಾಡಿ, ಕಂಡದ್ದನ್ನು ಬರೆದುಕೊಂಡು, ಚರ್ಚೆ ಮಾಡಿ ಕಲಿಯಬೇಕು ಎಂಬುದು ಯೋಚನೆ. ಇದಕ್ಕೆ ಕೈ ಹಾಕಿದ್ದು ಎರಡು ಸಣ್ಣ ಸಂಸ್ಥೆಗಳು: ಕಿಶೋರ್ ಭಾರತಿ, ಮತ್ತು ರಸೂಲಿಯಾ ಎಂಬಲ್ಲಿದ್ದ ಫ್ರೆಂಡ್ಸ್ ರೂರಲ್ ಸೆಂಟರ್. ಕಿಶೋರ್ ಭಾರತಿಯನ್ನು ಕಟ್ಟಿದ ಅನಿಲ್ ಸದ್ಗೋಪಾಲ್ ಅಮೆರಿಕದಲ್ಲಿ ಓದಿ ಬಂದು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದ ವಿಜ್ಞಾನಿ. ಆ ಕೆಲಸ ಬಿಟ್ಟು ಹಳ್ಳಿಗೆ ಬಂದವರು. ಮುಂದೆ ಇದಕ್ಕೆ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಎಂದೇ ಹೆಸರು ಬಿತ್ತು.

ಮಕ್ಕಳಿಗೆ ಹೊಸ ಪುಸ್ತಕ ಬರೆದುಬಿಡಬಹುದು. ಪ್ರಯೋಗದ ಸಾಮಾನಿನ ಪೆಟ್ಟಿಗೆಯನ್ನೂ ಶಾಲೆಗೆ ಕಳಿಸಬಹುದು. ಆದರೆ ತರಗತಿಯಲ್ಲಿ ನಿಲ್ಲುವವರು ಮೇಷ್ಟ್ರು. ಅವರು ಓದಿದ್ದು ಹೇಗೆ? ಬಾಯಿಪಾಠ ಮಾಡಿಯೇ. ಪರೀಕ್ಷಾನಳಿಕೆಯನ್ನು ಚಿತ್ರದಲ್ಲಿ ಎಷ್ಟೋ ಸಲ ಬರೆದಿದ್ದರೂ ಕೈಯಲ್ಲಿ ಹಿಡಿಯದವರು ಎಷ್ಟೋ ಜನ. ಈಜು ಬಾರದವರಿಗೆ ಈಜುವುದರ ಬಗ್ಗೆ ಪುಸ್ತಕ ಕೊಟ್ಟು, "ನಾಳೆಯಿಂದ ಮಕ್ಕಳನ್ನು ಕೆರೆಗಿಳಿಸಿ" ಎಂದರೆ ಹೇಗಾದೀತು? ಮೊದಲು ಅವರೇ ನೀರಿಗಿಳಿಯಬೇಕು.

ಹಾಗಾಗಿ ಬೇಸಿಗೆ ರಜೆಯಲ್ಲಿ ಮೂರು ವಾರದ ಶಿಬಿರ. ಆರನೇ ತರಗತಿಯ ಪಾಠಗಳಿಗೆ ಒಂದು ಬೇಸಿಗೆ, ಏಳನೆಯದಕ್ಕೆ ಇನ್ನೊಂದು, ಎಂಟನೆಯದಕ್ಕೆ ಮತ್ತೊಂದು. ಮಧ್ಯಪ್ರದೇಶದ ಮೇ ತಿಂಗಳ ಸೆಕೆ ಎಂದರೆ ನಮ್ಮ ರಾಯಚೂರು, ಕಲಬುರಗಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಸೆಕೆಯಲ್ಲಿ ನಡುವಯಸ್ಸಿನ ಮೇಷ್ಟ್ರುಗಳು ನಾಲ್ಕು ನಾಲ್ಕು ಜನರ ಗುಂಪು ಕಟ್ಟಿಕೊಂಡು, ಮಕ್ಕಳು ಮಾಡಬೇಕಾದ ಪ್ರಯೋಗವನ್ನೇ ಮಕ್ಕಳ ಹಾಗೆ ಮೊದಲಿನಿಂದ ಮಾಡಬೇಕು. ಗುಂಪಿಗೆ ಅಲ್ಲಿ 'ಟೋಲಿ' ಎನ್ನುತ್ತಾರೆ. ಜೊತೆಗೆ ಕೂರುತ್ತಿದ್ದವರು ಯಾರು ಗೊತ್ತೇ? ದೆಹಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಟಾಟಾ ಸಂಸ್ಥೆಯ ವಿಜ್ಞಾನಿಗಳು. ಈ ದೊಡ್ಡವರಿಗೆ ಇದ್ದ ಮುಖ್ಯ ಕಟ್ಟಳೆ ಒಂದೇ. ಉತ್ತರ ಹೇಳಿಬಿಡಬಾರದು.

ಇದು ಎಷ್ಟು ಕಷ್ಟ ಎಂದು ತಿಳಿಯಲು ಅಳತೆಯ ಪಾಠವನ್ನೇ ತೆಗೆದುಕೊಳ್ಳೋಣ. ಒಂದು ಮೇಜು. ಅದರ ಉದ್ದವನ್ನು ಎಲ್ಲ ಗುಂಪಿನವರೂ ಅಳೆಯಬೇಕು. ಇಷ್ಟೇ ತಾನೇ ಎನ್ನಿಸುತ್ತದೆ. ಐದು ಗುಂಪುಗಳು ಅಳೆದು ಬಂದವು ಎಂದಿಟ್ಟುಕೊಳ್ಳಿ. ಕಪ್ಪುಹಲಗೆಯ ಮೇಲೆ ಬರೆದಾಗ ಹೀಗೆ ಕಾಣುತ್ತದೆ: 84.2, 84.5, 83.9, 84.3, 84.1 ಸೆಂಟಿಮೀಟರ್. ಮೇಜು ಒಂದು, ಉತ್ತರ ಐದು! ಈಗ ಮೇಷ್ಟ್ರುಗಳ ಕಣ್ಣು ಎತ್ತ ತಿರುಗುತ್ತದೆ? ಪ್ರಾಧ್ಯಾಪಕರತ್ತ. "ಸಾರ್, ಸರಿಯುತ್ತರ ಯಾವುದು?" ಪ್ರಾಧ್ಯಾಪಕರು ಉತ್ತರ ಕೊಡುವುದಿಲ್ಲ, ಪ್ರಶ್ನೆಯನ್ನೇ ಹಿಂದಕ್ಕೆ ಕೊಡುತ್ತಾರೆ. ಯಾಕೆ ಬೇರೆ ಬೇರೆ ಬಂತು? ಒಂದು ಗುಂಪಿನ ಅಳತೆಪಟ್ಟಿಯ ಅಂಚು ಸವೆದಿತ್ತೇ? ಇನ್ನೊಂದು ಗುಂಪಿನವರು ಪಟ್ಟಿಯನ್ನು ಓರೆಯಿಂದ ನೋಡಿದರೇ? ಸೊನ್ನೆಯ ಗೆರೆ ಮೇಜಿನ ಅಂಚಿಗೆ ಸರಿಯಾಗಿ ಕೂತಿತ್ತೇ? ಬಡಗಿ ಮೇಜಿನ ಅಂಚನ್ನೇ ನೆಟ್ಟಗೆ ಕೊಯ್ದಿಲ್ಲವೇ? ಇದೆಲ್ಲವನ್ನೂ ಸರಿಮಾಡಿ ಮತ್ತೆ ಅಳೆಯುತ್ತಾರೆ. ಅಂತರ ಚಿಕ್ಕದಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಎಷ್ಟು ಜಾಗ್ರತೆಯಿಂದ ಅಳೆದರೂ ಚೂರು ಹೆಚ್ಚು, ಚೂರು ಕಡಿಮೆ ಬಂದೇ ಬರುತ್ತದೆ.

ಈ ಸಂಗತಿಗೆ ಅವರು ಪುಸ್ತಕದಲ್ಲಿ ಇಟ್ಟ ಹೆಸರು 'ಘಟ್-ಬಢ್'. ತಗ್ಗು-ಹಿಗ್ಗು ಎಂದು ಅರ್ಥ. ನನಗೆ ಇದು ಬಹಳ ಇಷ್ಟವಾದ ಶಬ್ದ. ಯಾಕೆಂದರೆ ಕನ್ನಡದಲ್ಲಿ ನಾವು ದಿನಕ್ಕೆ ಇಪ್ಪತ್ತು ಸಲ "ಹೆಚ್ಚುಕಡಿಮೆ" ಎನ್ನುತ್ತೇವೆ. ಹೆಚ್ಚುಕಡಿಮೆ ಎರಡು ಸೇರು, ಹೆಚ್ಚುಕಡಿಮೆ ಒಂದು ಮೈಲಿ. ವಿಜ್ಞಾನಿಗಳು ದಪ್ಪ ಪುಸ್ತಕಗಳಲ್ಲಿ ಹೇಳುವ ವಿಷಯ ನಮ್ಮ ಅಜ್ಜಿಯರ ಬಾಯಲ್ಲಿ ಮೊದಲೇ ಇದೆ! ಆ ಐದು ಅಳತೆಗಳನ್ನು ಕೂಡಿಸಿ ನೋಡಿ: 421. ಐದರಿಂದ ಭಾಗಿಸಿ: 84.2. ಇದೇ ಸರಾಸರಿ. ಸರಾಸರಿಯ ಸೂತ್ರ ಗಣಿತದ ಪುಸ್ತಕದಲ್ಲಿ ಎಲ್ಲರಿಗೂ ಸಿಗುತ್ತದೆ. ಅದು ಯಾಕೆ ಬೇಕಾಯಿತು ಎಂಬುದು ಐದು ಜನ ಒಂದೇ ಮೇಜನ್ನು ಅಳೆದು ಜಗಳವಾಡಿದಾಗ ಗೊತ್ತಾಗುತ್ತದೆ.

ಈಗ ಮೇಷ್ಟ್ರ ಜಾಗದಲ್ಲಿ ನಿಂತು ನೋಡಿ. ಹಳ್ಳಿಯಲ್ಲಿ ಅವರೇ ಎಲ್ಲ ಬಲ್ಲವರು. ಕಾಗದ ಬಂದರೆ ಓದಿಸಲು, ಅರ್ಜಿ ಬರೆಸಲು ಜನ ಅವರ ಮನೆಗೆ ಬರುತ್ತಾರೆ. ಹದಿನೈದು ವರ್ಷ ಪಾಠ ಮಾಡಿದವರು. ಅಂಥವರು ಸಹೋದ್ಯೋಗಿಗಳ ಎದುರು, "ನನಗೆ ಇದು ಗೊತ್ತಿಲ್ಲ" ಎನ್ನಬೇಕು. ಅದಕ್ಕಿಂತ ಕಷ್ಟ, ಊರಿಗೆ ಹಿಂದಿರುಗಿ ಹನ್ನೊಂದು ವರ್ಷದ ಹುಡುಗನ ಎದುರು ಹಾಗೆನ್ನಬೇಕು. ಮರ್ಯಾದೆ ಹೋದೀತು ಎಂಬ ಅಂಜಿಕೆ ಇಲ್ಲದಿರುತ್ತದೆಯೇ? ಪ್ರಯೋಗ ಕಲಿಯುವುದು ಮೂರು ವಾರದ ಕೆಲಸದಲ್ಲಿ ಹಗುರವಾದ ಪಾಲು. ಭಾರವಾದ ಪಾಲು ಈ ಅಂಜಿಕೆಯನ್ನು ಇಳಿಸುವುದು. ಅದಕ್ಕೆ ಅಲ್ಲಿದ್ದ ಮದ್ದೂ ಸರಳವಾಗಿತ್ತು. ದೆಹಲಿಯಿಂದ ಬಂದ ಪ್ರಾಧ್ಯಾಪಕರೇ "ನನಗೂ ಗೊತ್ತಿಲ್ಲ, ಮಾಡಿ ನೋಡೋಣ" ಎನ್ನುವುದನ್ನು ಕಿವಿಯಾರೆ ಕೇಳಿದ ಮೇಷ್ಟ್ರಿಗೆ ತಾನೂ ಹಾಗೆನ್ನುವ ಧೈರ್ಯ ಬರುತ್ತದೆ.

ಹೂವಿನ ಪಾಠ ನೋಡಿ. ಪುಸ್ತಕದ ಚಿತ್ರದಲ್ಲಿ ಒಂದು ಹೂವು: ಪುಷ್ಪಪಾತ್ರೆ, ದಳ, ಕೇಸರ, ಅಂಡಾಶಯ ಎಲ್ಲ ಅಚ್ಚುಕಟ್ಟು. ಹೊರಗೆ ಹೋಗಿ ಹೂವು ಕಿತ್ತು ತಂದರೆ? ದಾಸವಾಳ ಸ್ವಲ್ಪ ಮಟ್ಟಿಗೆ ಚಿತ್ರದ ಮಾತು ಕೇಳುತ್ತದೆ. ಕುಂಬಳದ ಹೂವು ಕೇಳುವುದೇ ಇಲ್ಲ. ಒಂದು ಹೂವಿನಲ್ಲಿ ಕೇಸರ ಮಾತ್ರ, ಇನ್ನೊಂದರಲ್ಲಿ ಬುಡದಲ್ಲಿ ಪುಟ್ಟ ಕಾಯಿಯಂಥ ಉಬ್ಬು. ಇದು ಗಂಡು ಹೂವು, ಇದು ಹೆಣ್ಣು ಹೂವು ಎಂದು ಹಿತ್ತಿಲಲ್ಲಿ ಕುಂಬಳದ ಬಳ್ಳಿ ಹಬ್ಬಿಸಿದ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ. ತರಗತಿಯಲ್ಲಿ ಒಬ್ಬ ಹುಡುಗ ಚಿತ್ರಕ್ಕೆ ಹೊಂದದ ಹೂವನ್ನು ತಂದರೆ ಮೇಷ್ಟ್ರಿಗೆ ಎರಡು ದಾರಿ. "ಇದು ಸಿಲಬಸ್ಸಿನಲ್ಲಿಲ್ಲ, ಬಿಸಾಕು" ಎನ್ನುವುದು ಒಂದು. ಬಿಡಿಸಿ ನೋಡುವುದು ಇನ್ನೊಂದು. ಶಿಬಿರದಲ್ಲಿ ಹತ್ತು ಬಗೆಯ ಹೂವನ್ನು ತಾವೇ ಬಿಡಿಸಿ ನೋಡಿದವರು ಎರಡನೇ ದಾರಿಗೆ ಹೆದರುವುದಿಲ್ಲ.

ಬಿಡಿಸಲು ಸೂಜಿ ಬೇಕಲ್ಲ? ಸೂಜಿಗೆ ದುಡ್ಡು, ಇಂಡೆಂಟು, ಮೇಲಿನ ಕಚೇರಿಯ ಸಹಿ. ಇವರು ಜಾಲಿಮರದ ಮುಳ್ಳು ಕಿತ್ತು ತಂದರು. ಉದ್ದ, ಚೂಪು, ಮುರಿದರೆ ಮರದಲ್ಲಿ ಇನ್ನೂ ಸಾವಿರ!

ಮುಳ್ಳಿನ ಮಾತು ಬಂದಾಗ ಇನ್ನೊಬ್ಬರನ್ನು ನೆನೆಯಲೇಬೇಕು. ಅರವಿಂದ ಗುಪ್ತ ಎಂಬ ಯುವಕ ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ ಪುಣೆಯ ಟೆಲ್ಕೋ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. 1978ರಲ್ಲಿ ಒಂದು ವರ್ಷ ರಜೆ ಹಾಕಿ ಹೋಶಂಗಾಬಾದಿಗೆ ಬಂದರು. ಅಲ್ಲಿನ ಸಂತೆಯಲ್ಲಿ ತಿರುಗಾಡುವಾಗ ಅವರ ಕಣ್ಣಿಗೆ ಬಿದ್ದದ್ದು ಸೈಕಲ್ ವಾಲ್‌ಟ್ಯೂಬ್. ಅದೇ, ಚಕ್ರದ ವಾಲ್ವಿಗೆ ಹಾಕುವ ಸಪೂರ ರಬ್ಬರ್ ಕೊಳವೆ. ಆ ಕೊಳವೆಯ ತುಂಡು, ಬೆಂಕಿಕಡ್ಡಿ ಎರಡೇ ಇಟ್ಟುಕೊಂಡು ಅವರು ರೇಖಾಗಣಿತವನ್ನು ಕೈಯಲ್ಲಿ ಹಿಡಿದು ನೋಡುವ ಹಾಗೆ ಮಾಡಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇದನ್ನು ನೀವು ಇವತ್ತೇ ಮಾಡಬಹುದು. ಬೆಂಕಿಕಡ್ಡಿಯ ತಲೆಯನ್ನು ನೀರಿನಲ್ಲಿ ನೆನೆಸಿ ಮದ್ದನ್ನು ಒರೆಸಿ ತೆಗೆಯುವ ಕೆಲಸ ಅಜ್ಜನದು. ಮಕ್ಕಳು ಅದಕ್ಕೆ ಕೈ ಹಾಕಬೇಡಿ. ಕಡ್ಡಿ ಒಣಗಲಿ. ಸೈಕಲ್ ಅಂಗಡಿಯಿಂದ ವಾಲ್‌ಟ್ಯೂಬ್ ತಂದು ಒಂದೂವರೆ ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ. ಒಂದು ತುಂಡಿನ ಎರಡು ಬಾಯಿಗೂ ಒಂದೊಂದು ಕಡ್ಡಿ ತೂರಿಸಿದರೆ ಬಾಗುವ ಕೀಲು ಸಿದ್ಧ. ಮೂರು ಕಡ್ಡಿ, ಮೂರು ತುಂಡು ಸೇರಿಸಿದರೆ ತ್ರಿಕೋನ. ನಾಲ್ಕು ಮತ್ತು ನಾಲ್ಕು ಸೇರಿದರೆ ಚೌಕ. ಈಗ ಎರಡನ್ನೂ ಮೂಲೆಯಲ್ಲಿ ಮೆಲ್ಲಗೆ ಒತ್ತಿ. ಚೌಕ ಸೋತು ಓರೆಯಾಗುತ್ತದೆ, ತ್ರಿಕೋನ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಓರೆಯಾದ ಚೌಕದ ಎದುರುಬದುರಿನ ಎರಡು ಕೀಲುಗಳಿಗೆ ಮುಳ್ಳಿನಿಂದ ತೂತು ಮಾಡಿ, ನಡುವೆ ಒಂದು ಕಡ್ಡಿ ಸಿಗಿಸಿ. ಅದು ಎರಡು ತ್ರಿಕೋನವಾಯಿತು, ಗಟ್ಟಿಯಾಯಿತು. ಐದು ಕಡ್ಡಿಯ ಆಕಾರಕ್ಕೆ ಎಷ್ಟು ಅಡ್ಡಕಡ್ಡಿ ಬೇಕು? ಆರು ಕಡ್ಡಿಯದಕ್ಕೆ? ನಾನು ಹೇಳುವುದಿಲ್ಲ, ಹೋಶಂಗಾಬಾದಿನ ಕಟ್ಟಳೆ ನನಗೂ ಅನ್ವಯ. ಮಾಡಿ ಆದಮೇಲೆ ತಲೆಯೆತ್ತಿ ಹೆಂಚಿನ ಮನೆಯ ಮಾಡು, ಕರೆಂಟಿನ ದೊಡ್ಡ ಟವರು, ರೈಲಿನ ಕಬ್ಬಿಣದ ಸೇತುವೆಗಳನ್ನು ನೋಡಿ.

ತರಬೇತಿ ಶಿಬಿರದಲ್ಲೇ ಮುಗಿಯುತ್ತಿರಲಿಲ್ಲ. ರಜೆ ಮುಗಿದು ಶಾಲೆ ಶುರುವಾದ ಮೇಲೆ ತಿಂಗಳಿಗೊಮ್ಮೆ ಸುತ್ತಲಿನ ಶಾಲೆಗಳ ವಿಜ್ಞಾನ ಮೇಷ್ಟ್ರುಗಳು ಒಂದು ಕಡೆ ಸೇರುತ್ತಿದ್ದರು. ಈ ಪ್ರಯೋಗ ಕೈಕೊಟ್ಟಿತು, ಈ ಪ್ರಶ್ನೆ ಮಕ್ಕಳಿಗೆ ಅರ್ಥವಾಗಲಿಲ್ಲ, ಇದನ್ನು ಮಾಡಲು ಒಂದು ಪೀರಿಯಡ್ ಸಾಲುವುದಿಲ್ಲ ಎಂದೆಲ್ಲ ಅಲ್ಲಿ ಚರ್ಚೆ. ತರಗತಿ ಹೇಗೆ ನಡೆಯುತ್ತಿದೆ ಎಂದು ನೋಡಲು, ಕೈಜೋಡಿಸಲು ಬೇರೆಯವರು ಶಾಲೆಗೆ ಬರುತ್ತಿದ್ದರು. ಮಕ್ಕಳ ಪುಸ್ತಕದ ಹೆಸರು 'ಬಾಲ್ ವೈಜ್ಞಾನಿಕ್'. ಮೇಷ್ಟ್ರುಗಳು ಹೇಳಿದ್ದನ್ನು ಕೇಳಿಕೊಂಡು ಆ ಪುಸ್ತಕವನ್ನು ಮತ್ತೆ ಮತ್ತೆ ತಿದ್ದಿದರು. ಹಳ್ಳಿಯ ಮೇಷ್ಟ್ರ ಮಾತಿಗೆ ವಿಶ್ವವಿದ್ಯಾಲಯದವರು ಬರೆದ ಪಾಠ ಬದಲಾಗುವುದು ಎಂದರೆ ಸಣ್ಣ ಸಂಗತಿಯಲ್ಲ. ಮುಂದೆ ಆ ಮೇಷ್ಟ್ರುಗಳಲ್ಲೇ ಹಲವರು ಹೊಸಬರಿಗೆ ತರಬೇತಿ ಕೊಡುವವರಾದರು.

ಪರೀಕ್ಷೆಯನ್ನೂ ಬದಲಾಯಿಸಿದರು. ಮಕ್ಕಳೇ, ಇದನ್ನು ಓದಿ ಕುಣಿಯಬೇಡಿ: ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು! ತಮ್ಮ ಪ್ರಯೋಗದ ನೋಟ್ ಪುಸ್ತಕವನ್ನೂ ಒಯ್ಯಬಹುದಿತ್ತು. ಅಜ್ಜಂದಿರು ಈಗ ಹುಬ್ಬೇರಿಸಿರುತ್ತಾರೆ. ಆದರೆ ಪುಸ್ತಕ ನೋಡಿ ಬರೆಯಲಾಗದ ಪ್ರಶ್ನೆಗಳನ್ನೇ ಕೊಡುತ್ತಿದ್ದರು. ಒಂದು ಪಟ್ಟಿಯಲ್ಲಿ ಅಂಕಿಗಳನ್ನು ಕೊಟ್ಟು, ಇದರಿಂದ ನಿನಗೇನು ತಿಳಿಯುತ್ತದೆ ಎಂದು ಕೇಳಿದರೆ ಯಾವ ಪುಟ ತೆರೆದು ನೋಡುವುದು? ಜೊತೆಗೆ ಕೈಯಿಂದ ಮಾಡಿ ತೋರಿಸುವ ಪರೀಕ್ಷೆ ಬೇರೆ. ಇಂಥ ಪ್ರಶ್ನೆ ತಯಾರಿಸುವುದನ್ನೂ ಮೇಷ್ಟ್ರುಗಳು ಕಲಿಯಬೇಕಾಗಿತ್ತು. ಹತ್ತು ಬಿಟ್ಟಸ್ಥಳ ಬರೆದು ಮುಗಿಸುವ ಹಾಗಿರಲಿಲ್ಲ.

ಎಂಟನೇ ತರಗತಿ ಬಿಟ್ಟವರೂ ಇವತ್ತು ಸಂಜೆ ಮಾಡಬಹುದಾದ ಇನ್ನೊಂದು ಪಾಠವಿತ್ತು: ನಾಣ್ಯ ಚಿಮ್ಮುವುದು. ಸಂಭವನೀಯತೆ ಎಂಬ ಉದ್ದನೆಯ ಶಬ್ದದ ಹಿಂದಿರುವುದು ಇದೇ. ಹತ್ತು ಸಲ ಚಿಮ್ಮಿದರೆ ಹೆಡ್ ಎಷ್ಟು ಸಲ ಬೀಳುತ್ತದೆ? ಐದು ಎಂದು ಥಟ್ಟನೆ ಹೇಳುತ್ತೇವೆ. ಹಾಗೆ ಹತ್ತು ಸಲ ಚಿಮ್ಮುವ ಆಟವನ್ನು ಬಹಳ ಸಲ ಆಡಿದರೆ, ಸರಿಯಾಗಿ ಐದೇ ಬೀಳುವುದು ಹೆಚ್ಚುಕಡಿಮೆ ನಾಲ್ಕು ಆಟಕ್ಕೆ ಒಂದರಲ್ಲಿ ಮಾತ್ರ. ಒಂದು ಗುಂಪಿಗೆ ಏಳು, ಒಂದಕ್ಕೆ ನಾಲ್ಕು, ಒಂದಕ್ಕೆ ಮೂರು. ಮಕ್ಕಳು "ಸಾರ್, ನಮ್ಮದು ತಪ್ಪಾಯ್ತು" ಎನ್ನುತ್ತಾರೆ. ಆಗ ಎಲ್ಲ ಗುಂಪುಗಳ ಲೆಕ್ಕವನ್ನೂ ಹಲಗೆಯ ಮೇಲೆ ಕೂಡಿಸಬೇಕು. ನೂರಾಗಿ, ಐನೂರಾಗಿ, ಸಾವಿರವಾದಂತೆ ಹೆಡ್ಡಿನ ಪಾಲು ಅರ್ಧದ ಹತ್ತಿರ ಸರಿಯುತ್ತ ಬರುತ್ತದೆ. ಒಬ್ಬೊಬ್ಬರದೇ ನೋಡಿದಾಗ ತಪ್ಪಿನಂತೆ ಕಂಡದ್ದು ಎಲ್ಲರದೂ ಸೇರಿದಾಗ ಲೆಕ್ಕಕ್ಕೆ ಬರುತ್ತದೆ. ಇದನ್ನು ಅರಿಯದ ಮೇಷ್ಟ್ರು ಏನು ಮಾಡಿಯಾರು? ಏಳು ಬಂದ ಗುಂಪಿಗೆ ಐದು ಎಂದು ತಿದ್ದಿ ಬರೆಯಲು ಹೇಳಿಯಾರು. ಕಂಡದ್ದನ್ನು ಬಿಟ್ಟು ಕಾಣಬೇಕಾದದ್ದನ್ನು ಬರೆಯುವ ಚಾಳಿ ಹೀಗೇ ಶುರುವಾಗುವುದು. ಮೇಷ್ಟ್ರನ್ನು ಮೂರು ವಾರ ಕೂರಿಸಿ ನಾಣ್ಯ ಚಿಮ್ಮಿಸುವುದು ದಂಡ ಎಂದು ಯಾರಾದರೂ ಅಂದರೆ ನನ್ನ ಉತ್ತರ ಇದೇ.

ಮಕ್ಕಳಿಗೆ ತಲೆಯಲ್ಲಿ ಏಳುವ ಪ್ರಶ್ನೆಗಳು ಪಾಠದೊಳಗೆ ನಿಲ್ಲುವುದಿಲ್ಲವಲ್ಲ. ಅದಕ್ಕೂ ಒಂದು ದಾರಿ ಮಾಡಿದ್ದರು. ಸವಾಲಿರಾಮ್ ಎಂಬ ಒಬ್ಬ ಅಣ್ಣ. ಸವಾಲ್ ಎಂದರೆ ಹಿಂದಿಯಲ್ಲಿ ಪ್ರಶ್ನೆ. ಮಕ್ಕಳು ಅವನಿಗೆ ಕಾಗದ ಬರೆಯಬಹುದು, ಏನನ್ನು ಬೇಕಾದರೂ ಕೇಳಬಹುದು. ನಿಜಕ್ಕೂ ಅಂಥ ಮನುಷ್ಯನೊಬ್ಬ ಇರಲಿಲ್ಲ, ಅದು ಇಟ್ಟ ಹೆಸರು. ಆದರೆ ಕಾಗದ ಹೋಗುತ್ತಿದ್ದುದು ನಿಜ. ಕೇಳಿದ್ದಕ್ಕೆ ಬೈಸಿಕೊಳ್ಳುವುದಿಲ್ಲ ಎಂದು ಗೊತ್ತಿರುವ ಒಂದು ವಿಳಾಸ ಪ್ರತಿ ಮಗುವಿಗೂ ಇರಬೇಕು ಎಂದು ನನಗನ್ನಿಸುತ್ತದೆ. ನಮ್ಮ ಓದುಗಿಯ ಕಾರ್ಡು ನೋಡಿದಾಗ ನನಗೆ ಮೊದಲು ನೆನಪಾದದ್ದು ಈ ಸವಾಲಿರಾಮನೇ.

1978ರಲ್ಲಿ ಕಾರ್ಯಕ್ರಮ 16 ಶಾಲೆಗಳಿಂದ ಇಡೀ ಜಿಲ್ಲೆಗೆ ಹರಡಿತು. 1982ರಲ್ಲಿ ಇದನ್ನು ಮುಂದುವರಿಸಲೆಂದು 'ಏಕಲವ್ಯ' ಎಂಬ ಸಂಸ್ಥೆ ಹುಟ್ಟಿತು. ಬರಬರುತ್ತ ಬೇರೆ ಜಿಲ್ಲೆಗಳೂ ಸೇರಿ ಸಾವಿರದಷ್ಟು ಶಾಲೆಗಳಾದವು. ಖಾಸಗಿ ಶಾಲೆಗಳಲ್ಲ, ಮಾಮೂಲು ಸರ್ಕಾರಿ ಶಾಲೆಗಳು, ಮಾಮೂಲು ಮೇಷ್ಟ್ರುಗಳು.

ಎಲ್ಲವೂ ಹಾಲು-ಜೇನು ಎಂದು ಹೇಳಿದರೆ ಸುಳ್ಳಾಗುತ್ತದೆ. ಸಾವಿರ ಶಾಲೆಗೆ ಪೆಟ್ಟಿಗೆ ಒದಗಿಸುವುದು, ಒಡೆದ ಗಾಜಿನ ಸಾಮಾನಿಗೆ ಬದಲು ಕೊಡುವುದು ಸುಲಭವಲ್ಲ. ತರಬೇತಾದ ಮೇಷ್ಟ್ರಿಗೆ ವರ್ಗವಾದರೆ ಹೊಸಬರನ್ನು ಮೊದಲಿನಿಂದ ಕೂರಿಸಬೇಕು. ಪ್ರಯೋಗಕ್ಕೆ ಹೊತ್ತು ಬೇಕು, ಗಂಟೆ ಹೊಡೆಯುವವನಿಗೆ ಅದು ಗೊತ್ತಿಲ್ಲ. ಪಕ್ಕದ ಜಿಲ್ಲೆಯ ಮಕ್ಕಳು ಇನ್ನೊಂದು ಪುಸ್ತಕ ಓದುತ್ತಿರುವಾಗ ನಮ್ಮವರು ಒಂಬತ್ತನೇ ತರಗತಿಯಲ್ಲಿ ಹಿಂದೆ ಬಿದ್ದಾರೇ ಎಂದು ಅಪ್ಪ ಅಮ್ಮಂದಿರಿಗೆ ಕಳವಳ. ಆ ಕಳವಳವನ್ನು ಹಗುರವಾಗಿ ತೆಗೆದುಕೊಳ್ಳಬಾರದು, ಮಗುವಿನ ಮುಂದಿನ ದಾರಿ ಯಾರಿಗೆ ತಾನೇ ಚಿಂತೆಯಲ್ಲ? 2002ರಲ್ಲಿ ಮಧ್ಯಪ್ರದೇಶ ಸರ್ಕಾರ ಕಾರ್ಯಕ್ರಮವನ್ನು ನಿಲ್ಲಿಸಿತು. ರಾಜ್ಯದ ಉಳಿದೆಡೆ ಇದ್ದ ಪುಸ್ತಕವೇ ಇಲ್ಲಿಗೂ ಬಂತು. ನಿಲ್ಲಿಸಬೇಡಿ ಎಂದು ದೇಶದ ಹಲವು ವಿಜ್ಞಾನಿಗಳೂ ಶಿಕ್ಷಕರೂ ಹೇಳಿದರು. ಕೇಳಲಿಲ್ಲ. 30 ವರ್ಷದ ಕೆಲಸ ಒಂದು ಆದೇಶದಲ್ಲಿ ನಿಂತುಹೋಯಿತು. ಕುಂದುಕೊರತೆ ಇದ್ದರೆ ತಿದ್ದಬಹುದಿತ್ತು. ತಿದ್ದುವುದೇ ಆ ಕೆಲಸದ ಜೀವಾಳವಾಗಿತ್ತಲ್ಲ.

ಆದರೂ ಒಮ್ಮೆ ಬಿತ್ತಿದ್ದು ಎಲ್ಲೋ ಮೊಳೆಯುತ್ತದೆ. ಈ ಕಾರ್ಯಕ್ರಮದ ಬೆನ್ನಿಗೆ ನಿಂತಿದ್ದ ವಿಜ್ಞಾನಿ ಯಶ್ ಪಾಲ್ ಅವರೇ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ರೂಪಿಸಿದ ಸಮಿತಿಯ ಅಧ್ಯಕ್ಷರಾಗಿದ್ದರು. ಇವತ್ತಿನ ಪಠ್ಯಪುಸ್ತಕದಲ್ಲಿ "ಚಟುವಟಿಕೆ" ಎಂದು ಚೌಕಟ್ಟು ಹಾಕಿದ ಭಾಗ ಕಂಡರೆ ಅದರ ಹಿಂದೆ ಇಂಥ ಹಲವು ಬೇಸಿಗೆಗಳ ಬೆವರಿದೆ. ಅದನ್ನು ಓದಿ ಬಿಡುತ್ತೀರೋ, ಮಾಡುತ್ತೀರೋ ಎಂಬುದು ಬೇರೆ ಮಾತು. ಏಕಲವ್ಯ ಸಂಸ್ಥೆ 1985ರಲ್ಲಿ ಶುರುಮಾಡಿದ 'ಚಕಮಕ್' ಎಂಬ ಹಿಂದಿ ಮಕ್ಕಳ ಪತ್ರಿಕೆ ಬಹಳ ಕಾಲ ನಡೆದುಬಂದಿದೆ.

ಈಗ ನಮ್ಮ ಓದುಗಿಗೆ ನೇರ ಉತ್ತರ. ಪುಟ್ಟಿ, ನಿಮ್ಮ ಮಿಸ್‌ಗೆ ವಿಜ್ಞಾನ ಗೊತ್ತಿಲ್ಲವೆಂದು ಯಾರೂ ಟ್ರೈನಿಂಗ್‌ಗೆ ಕಳಿಸುವುದಿಲ್ಲ. ತನಗೆ ಗೊತ್ತಿರುವುದು ಬೇರೆ, ಗೊತ್ತಿಲ್ಲದ ನಲವತ್ತು ಮಕ್ಕಳು ಅದನ್ನು ಹೇಗೆ ಕಂಡುಕೊಳ್ಳುತ್ತಾರೆ ಎಂಬುದು ಬೇರೆ. ಎರಡನೆಯದನ್ನು ಕಲಿಯಲು ಮೂರು ದಿನ ಬಹಳ ಕಡಿಮೆ ಎಂಬುದೇ ನನ್ನ ದೂರು. ನಾಳೆ ಶಾಲೆಯಲ್ಲಿ ಮಿಸ್ ಅವರನ್ನು, "ಟ್ರೈನಿಂಗ್‌ನಲ್ಲಿ ನೀವೇ ಕೈಯಾರೆ ಏನು ಮಾಡಿದಿರಿ ಮಿಸ್?" ಎಂದು ಕೇಳಿ ನೋಡು. ವಿನಯದಿಂದ ಕೇಳು. ಉತ್ತರ ಚೆನ್ನಾಗಿದ್ದರೆ ನನಗೂ ಬರೆದು ತಿಳಿಸು.

ಕೊನೆಗೆ ಎಲ್ಲರಿಗೂ ಒಂದು ಕೆಲಸ. ಬಾಲ್ ವೈಜ್ಞಾನಿಕ್‌ನಲ್ಲಿ ಆಕಾಶ ನೋಡುವ ಪಾಠವೂ ಇತ್ತು. ಅದನ್ನು ನೆನೆದು ಇದು. ಮಟ್ಟಸವಾದ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆಟ್ಟಗಿದೆಯೇ ಎಂದು ನೋಡಲು ಗಾರೆಯವರ ತೂಕದ ಗುಂಡು ಸಿಕ್ಕರೆ ಒಳ್ಳೆಯದು, ಇಲ್ಲವಾದರೆ ದಾರಕ್ಕೆ ಕಲ್ಲು ಕಟ್ಟಿ. ಬೆಳಿಗ್ಗೆ 11ರಿಂದ ಮಧ್ಯಾಹ್ನ 1 ಗಂಟೆಯವರೆಗೆ ಹತ್ತು ಹತ್ತು ನಿಮಿಷಕ್ಕೆ ನೆರಳಿನ ತುದಿಗೆ ಸುಣ್ಣದ ಚುಕ್ಕೆ ಇಡಿ. ಬಿಸಿಲಿನಲ್ಲಿ ಸೂರ್ಯನನ್ನು ನೇರ ನೋಡಬೇಡಿ, ನೋಡಬೇಕಾದದ್ದು ನೆರಳನ್ನು. ಹನ್ನೆರಡಕ್ಕೆ ಸರಿಯಾಗಿ ನೆರಳು ಮಾಯವಾಗುತ್ತದೆ ಎಂದು ನಂಬಿರುವ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಕರೆಯಿರಿ, ಕುರ್ಚಿ ನೆರಳಲ್ಲಿ ಹಾಕಿ. ಬೆಂಗಳೂರಿನಲ್ಲಿ ನಡುಹಗಲಿಗೆ ನೆರಳು ಪೂರ್ತಿ ಕಾಲಡಿಗೆ ಬರುವುದು ವರ್ಷಕ್ಕೆ ಎರಡೇ ದಿನ, ಏಪ್ರಿಲ್ 24ರ ಆಸುಪಾಸಿನಲ್ಲಿ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ. ಹೋಶಂಗಾಬಾದಿನಲ್ಲಿ ಅದು ಜೂನ್‌ನಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ. ಇನ್ನೊಂದು ಸೋಜಿಗ: ಭೂಪಟದಲ್ಲಿ ಬೆಂಗಳೂರಿನಿಂದ ಉತ್ತರಕ್ಕೆ ನೇರವಾಗಿ ಗೆರೆ ಎಳೆದರೆ ಅದು ಹೆಚ್ಚುಕಡಿಮೆ ಹೋಶಂಗಾಬಾದಿನ ಬಳಿಯೇ ಹಾಯುತ್ತದೆ. ಹಾಗಾಗಿ ನೆರಳು ಅತಿ ಗಿಡ್ಡವಾಗುವ ಗಳಿಗೆ ಎರಡೂ ಊರಿಗೆ ಒಂದೇ. ಮಂಗಳೂರಿನವರಿಗೆ ಅದು ಬೆಂಗಳೂರಿಗಿಂತ ಸುಮಾರು 11 ನಿಮಿಷ ತಡ.

ನಿಮ್ಮ ಊರಿನಲ್ಲಿ ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ನೆರಳು ಅತಿ ಗಿಡ್ಡವಾಯಿತು, ಕೋಲು ಎಷ್ಟು ಉದ್ದ, ನೆರಳು ಎಷ್ಟು ಉದ್ದ ಎಂದು ಕಾರ್ಡಿನಲ್ಲಿ ಬರೆದು ಕಳಿಸಿ. ತಾಲ್ಲೂಕಿನ ಹೆಸರು ಮರೆಯಬೇಡಿ. ಅಣ್ಣನದೂ ತಂಗಿಯದೂ ಬೇರೆ ಬೇರೆ ಬಂದರೆ ಎರಡನ್ನೂ ಬರೆಯಿರಿ, ಒಂದನ್ನು ಅಳಿಸಬೇಡಿ.